ಕಾಲರ್ ಹಿಡಿಯುತ್ತಿದ್ದ ಭೀಮಾಶಂಕರ ಸರ್

ಭೀಮಾಶಂಕರ ಸರ್ ಅವರ ಎಡಗಿವಿ ಒಣ ಅಂಜೂರದ ಹಾಗೆ ಮುರುಟಿಕೊಂಡಿತ್ತು. ಕುಸ್ತಿಯಲ್ಲಿ ಯಾರೋ ಅವರ ತಲೆಯನ್ನು ಕಂಕುಳಿನಲ್ಲಿ ಸಿಕ್ಕಿಸಿ ಅರೆದು ಬಿಟ್ಟಿದ್ದರಂತೆ. ಹಗಲು ಜೇವರ್ಗಿಯ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು, ಸಂಜೆ ಕೊಳಕೂರಿನ ಅಖಾಡಕ್ಕೆ ಇಳಿಯುತ್ತಿದ್ದರು. ಎರಡೂ ಕಡೆ ಬಾಯಿಗಿಂತ ಕೈ ಮುಂದು.

ರೋಗನಿರೋಧಕ ಜೀವಕೋಶಗಳ ಪಾಠ ಬಂತೆಂದರೆ ಮುಂದಿನ ಬೆಂಚಿನ ಇಬ್ಬರು ಹುಡುಗರಿಗೆ ಗ್ರಹಚಾರ. ಈ ಕೋಶಗಳ ಮೈಮೇಲೆ ಗ್ರಾಹಕಗಳು, ಅಂದರೆ ವೈರಿಯ ಗುರುತು ಹಿಡಿಯುವ ಕೊಂಡಿಗಳಿರುತ್ತವೆ. ಕಾವಲಿನ ಕೋಶ ವೈರಿಯ ತುಣುಕೊಂದನ್ನು ಎತ್ತಿ ತೋರಿಸಬೇಕು. ಆ ತುಣುಕು ಯಾವ ಸೈನಿಕ ಕೋಶದ ಗ್ರಾಹಕಕ್ಕೆ ಹೊಂದುತ್ತದೋ ಆ ಕೋಶ ಮಾತ್ರ ಕಾದಾಟಕ್ಕೆ ಏಳಬೇಕು. ಆದರೆ ಕೆಲವು ಬ್ಯಾಕ್ಟೀರಿಯಾಗಳ ವಿಷಕ್ಕೆ ಈ ನಿಯಮದ ಹಂಗಿಲ್ಲ, ತುಣುಕು ಹೊಂದದಿದ್ದರೂ ಕಾವಲಿನವನನ್ನೂ ಸೈನಿಕನನ್ನೂ ಒಟ್ಟಿಗೆ ಕಟ್ಟಿಬಿಡುತ್ತದೆ. ಅದನ್ನು ತಿಳಿಸಲು ಸರ್ ಇಬ್ಬರ ಕಾಲರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಹಣೆಗೆ ಹಣೆ ಡಿಕ್ಕಿ ಹೊಡೆಸುತ್ತಿದ್ದರು.

“ನೋಡ್ರಲೇ, ವಿಷ ತಾ ಯಾರಿಗೂ ಹೊಡಿಯಲ್ಲ. ಇಬ್ಬರ ಕಾಲರ್ ಗಂಟ ಹಾಕತದ, ಅಷ್ಟ. ಯಾಕ ಎದ್ದೀವಿ ಅಂತ ಗೊತ್ತಿಲ್ದ ಮಂದಿ ಎಲ್ಲಾ ಏಳತದ. ತಮ್ಮ ಮನಿ ತಾವ ಸುಡತಾರ.”

ಹುಡುಗಿಯರ ಮೇಲೆ ಈ ಪ್ರಯೋಗವಿರಲಿಲ್ಲ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚೇ ಇತ್ತು.

ಒಮ್ಮೆ ಮೈದಾನದಲ್ಲಿ ಬಿದ್ದ ಹುಡುಗನೊಬ್ಬ ಮೊಣಕಾಲಿನ ಗಾಯಕ್ಕೆ ಮಣ್ಣು ಒತ್ತಿಕೊಂಡ. ಸರ್ ಅವನ ಕೆನ್ನೆಗೆ ಬಿಗಿದು, ಕುತ್ತಿಗೆ ಹಿಡಿದು ನಲ್ಲಿಯ ತನಕ ಎಳೆದೊಯ್ದು, ಮತ್ತೆ ರಕ್ತ ಬರುವಂತೆ ಸೋಪು ಹಾಕಿ ತಿಕ್ಕಿದರು. ಅವನ ಅರಚಾಟ ಪ್ರಿನ್ಸಿಪಾಲರ ಕೋಣೆಗೂ ಕೇಳಿಸಿತು.

ಅಂಥವರನ್ನು ಹೋದ ವರ್ಷ, ನಾನು ಡಾಕ್ಟರಾಗಿರುವ ಕಲಬುರಗಿಯ ಆಸ್ಪತ್ರೆಗೆ ಹೊತ್ತು ತಂದರು. ಮೈಯೆಲ್ಲ ಸುಟ್ಟಂತೆ ಕೆಂಪಾಗಿತ್ತು. ಬಿಪಿ ಕುಸಿಯುತ್ತಿತ್ತು. ಮೊಣಕೈಯ ಸೀಳಿನೊಳಗೆ ಕೆಮ್ಮಣ್ಣು ಕೀವಿನ ಜೊತೆ ಕಲಸಿಕೊಂಡಿತ್ತು.

“ಸರ್, ಮಣ್ಣು ಹಚ್ಕೊಂಡೀರೇನ್ರಿ? ನೀವು?”

“ಕುಸ್ತಿ ಕಲಿಸೋ ಉಸ್ತಾದ ಹಚ್ಚಿದ್ನವ್ವ. ಅಖಾಡದಾಗ ಅವನ ಕೈ ಮಣ್ಣು ಒರಸ್ಕೊಂಡ್ರ ಅವನ ಮಾರಿಗಿ ಉಗುಳಿದಂಗ. ಅಲ್ಲಿ ನಾ ಮಾಸ್ತರ ಅಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗನಿಗೆ ಬಿದ್ದ ಏಟು ಇವರಿಗೇ ಬೀಳಬೇಕಿತ್ತು ಅನ್ನಿಸಿತು. ಗಾಯ ಕೊಯ್ದು, ಕೊಳೆತ ಮಾಂಸ ಕೆತ್ತಿ ತೆಗೆದೆವು. ಔಷಧಕ್ಕೆ ಬ್ಯಾಕ್ಟೀರಿಯಾ ಸತ್ತವು. ಆದರೆ ಅವುಗಳ ವಿಷ ಆಗಲೇ ಗಂಟು ಹಾಕಿ ಮುಗಿಸಿತ್ತು. ಸರ್ ಅವರದೇ ಸೈನಿಕರು ಅವರ ರಕ್ತನಾಳಗಳನ್ನು ಸೋರುವಂತೆ ಮಾಡಿ, ಮೂತ್ರಪಿಂಡ ಕೆಡಿಸಿ, ಶ್ವಾಸಕೋಶದೊಳಗೆ ನುಗ್ಗಿದ್ದರು. ಅದೆಲ್ಲ ಏನೆಂದು ಆ ವಾರ್ಡಿನಲ್ಲಿ ರೋಗಿಗೂ ಗೊತ್ತಿತ್ತು.

“ಒಳಗ ನಮ್ಮವರ ಬಡದಾಡಾಕತ್ತಾರ,” ಎಂದರು, ಏದುಸಿರಿನ ನಡುವೆ. “ಬಿಡಸವ್ವ.”

ಆಮೇಲೆ ಕೈ ಎತ್ತಿ ನನ್ನ ಕೋಟಿನ ಕಾಲರ್ ಹಿಡಿದರು. ಮುಷ್ಟಿಯಲ್ಲಿ ಬಲವಿರಲಿಲ್ಲ, ನಾನು ಸುಮ್ಮನೆ ನೆಟ್ಟಗಾಗಿದ್ದರೆ ಸಾಕಿತ್ತು, ಜಾರಿಬಿಡುತ್ತಿತ್ತು. ಅದು ತಾನಾಗಿ ಸಡಿಲವಾಗುವ ತನಕ ಬಗ್ಗಿಯೇ ನಿಂತಿದ್ದೆ.