ಏಳು ಚೀಲ ಜೋಳದ ಮನೆಸಾಲ

1974ರಲ್ಲಿ ನಾನು ಬಸವನ ಬಾಗೇವಾಡಿಯಲ್ಲಿದ್ದೆ. ಮನೆ ಕಟ್ಟುವವರಿಗೆ ಸಾಲ ಕೊಡುವ ಒಂದು ಸಹಕಾರಿ ಸಂಸ್ಥೆಯ ಫೀಲ್ಡ್ ಆಫೀಸರ್ ಹುದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕು ನನ್ನೊಬ್ಬನ ತಲೆಗೇ ಕಟ್ಟಿದ್ದರು. ಅರ್ಜಿ ಹಾಕಿದವರ ಸೈಟು ನೋಡಬೇಕು, ಗಳಿಕೆ ಖರ್ಚು ವಿಚಾರಿಸಬೇಕು, ಕಂತು ಕಟ್ಟುವ ತಾಕತ್ತು ಇದೆಯೇ ಇಲ್ಲವೇ ಎಂದು ವರದಿ ಬರೆಯಬೇಕು. ಸೈಟನ್ನೂ ಅದರ ಮೇಲೆ ಕಟ್ಟುವ ಮನೆಯನ್ನೂ ಸಂಸ್ಥೆಗೆ ಅಡಮಾನ ಬರೆದುಕೊಟ್ಟ ಮೇಲೆಯೇ ದುಡ್ಡು.

ಈ ಕೆಲಸದಲ್ಲಿ ನಾನು ಬೇಗನೆ ಕಲಿತ ಸಂಗತಿಯೆಂದರೆ, ಗಂಡಸರಿಗೆ ತಮ್ಮ ಪಗಾರ ಗೊತ್ತಿರುತ್ತದೆ, ಮನೆಯ ಖರ್ಚು ಗೊತ್ತಿರುವುದಿಲ್ಲ. ಆಫೀಸಿನಲ್ಲಿ ಕೂತು ಕೇಳಿದರೆ ಎಲ್ಲರೂ ಗಾಳಿ ಉಂಡು ಬದುಕುವವರೇ. ಆದ್ದರಿಂದ ನಾನು ಮನೆಗೇ ಹೋಗಿ, ಅಡುಗೆ ಮಾಡುವವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ವರ್ಷಕ್ಕೆ ಜೋಳ ಎಷ್ಟು ಚೀಲ ಬೇಕು? ನಮ್ಮ ಕಡೆ ರೊಟ್ಟಿ ಲೆಕ್ಕ ಸಿಕ್ಕರೆ ಉಣ್ಣುವ ಬಾಯಿಗಳ ಲೆಕ್ಕ ಸಿಕ್ಕಂತೆ. ಸಹೋದ್ಯೋಗಿಗಳು ನನ್ನನ್ನು ‘ಜೋಳದ ಸಾಹೇಬ’ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ನನ್ನ ವರದಿಗಳು ಮಾತ್ರ ಸುಳ್ಳಾಗುತ್ತಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಒಂದು ಜಂಟಿ ಅರ್ಜಿ ಬಂತು. ಗಂಡ ಹೆಂಡತಿ ಇಬ್ಬರೂ ಸೇರಿ ಸಾಲ ಕೇಳುವುದು ಆಗ ಅಪರೂಪ. ಗಂಡ ಶರಣಪ್ಪ ಆಲಮಟ್ಟಿಯ ಡ್ಯಾಮ್ ಆಫೀಸಿನಲ್ಲಿ ಗುಮಾಸ್ತ, ಹೆಂಡತಿ ನೀಲಮ್ಮ ಗೊಳಸಂಗಿಯ ಶಾಲೆಯಲ್ಲಿ ಶಿಕ್ಷಕಿ. ಬಾಗೇವಾಡಿಯ ಬಾಡಿಗೆ ಮನೆಯಲ್ಲಿ ಶರಣಪ್ಪನ ತಾಯಿ ಬಾಳವ್ವನ ಜೊತೆ ಇದ್ದರು. ಇಬ್ಬರ ಹೆಸರಿನಲ್ಲೂ ಒಂದು ಸೈಟು ಕೊಂಡಿದ್ದರು. ಮೂರು ಕೋಣೆಯ ಮನೆಗೆ ಹನ್ನೆರಡು ಸಾವಿರ ರೂಪಾಯಿ ಸಾಲ ಬೇಕಾಗಿತ್ತು. ನಮ್ಮಲ್ಲಿ ಒಂದು ನಿಯಮವಿತ್ತು. ಪಗಾರದಲ್ಲಿ ಉಣ್ಣುವ ಪ್ರತಿಯೊಬ್ಬರ ಪಾಲು ಕಳೆದು, ಉಳಿದದ್ದನ್ನು ನೋಡಿ ಸಾಲ. ಬಾಯಿ ಹೆಚ್ಚಿದಷ್ಟು ಸಾಲ ಕಡಿಮೆ.

ನಾನು ಹೋದ ದಿನ ಮೂವರೂ ಮನೆಯಲ್ಲಿದ್ದರು. ಶರಣಪ್ಪ ಬಹಳ ಹುರುಪಿನಲ್ಲಿದ್ದ.

“ನಮ್ದೇನೂ ಲಫಡಾ ಇಲ್ರಿ ಸಾಹೇಬ್ರ. ಎರಡ ಪಗಾರ, ಒಂದ ಡಬ್ಬಿ. ಕೀಲಿ ಇಕೀ ಕಡೆ. ಉಣ್ಣವ್ರು ಮೂರ ಮಂದಿ.”

ಗಂಡ ಹೆಂಡತಿ ದುಡ್ಡು ಒಂದೆಡೆ ಇಟ್ಟು ಬಾಳುವುದನ್ನು ಕಂಡು ನನಗೂ ಹಿಗ್ಗಾಯಿತು. ಅರ್ಜಿಯ ಅವಲಂಬಿತರ ಪಟ್ಟಿಯಲ್ಲಿ ಬಾಳವ್ವನ ಹೆಸರು ಬರೆದುಕೊಂಡೆ. ನೀಲಮ್ಮ ಚಹಾ ತಂದುಕೊಟ್ಟರು. ನನ್ನ ಮಾಮೂಲಿ ಪ್ರಶ್ನೆ ಕೇಳಿದೆ.

“ಏಳು ಚೀಲರಿ,” ಎಂದರು ನೀಲಮ್ಮ.

“ಮೂರ ಮಂದಿಗೆ ಏಳು ಚೀಲ? ಐದರಾಗ ಆಗಬೇಕಲ್ರಿ ಅಕ್ಕಾರ.”

ಶರಣಪ್ಪ ನಕ್ಕ. “ಬಾಯಿ ತಪ್ಪಿ ಅಂದಾಳ್ರಿ. ಐದ ಅಂತ ಬರ್ಕೋರಿ.”

“ಬಾಯಿ ತಪ್ಪಿಲ್ರಿ,” ಎಂದರು ನೀಲಮ್ಮ. ದನಿ ಏರಿರಲಿಲ್ಲ. “ಎರಡ ಚೀಲ ಗೊಳಸಂಗ್ಯಾಗ ತಗೊಂಡು ಅಲ್ಲಿಂದಾನ ಝಳಕಿಗೆ ಕಳಸ್ತೇನಿ. ತಿಂಗಳಿಗೆ ಹದಿನೈದ ರೂಪಾಯಿನೂ ಹೋಗ್ತಾವ. ಅಲ್ಲೆ ಇವರ ಮಗಳ ಅದಾಳ.”

ನನ್ನ ಕೈಯ ಬಸಿ ಓರೆಯಾಗಿ ಚಹಾ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದೂ ತಿಳಿಯಲಿಲ್ಲ. ಶರಣಪ್ಪನ ಮುಖದಲ್ಲಿ ನಗು ಹಾಗೇ ಉಳಿದಿತ್ತು, ರಕ್ತ ಮಾತ್ರ ಇಳಿದುಹೋಗಿತ್ತು.

ಹೊಸ್ತಿಲ ಬಳಿ ಕೂತಿದ್ದ ಬಾಳವ್ವ ಬಾಯಿಬಿಟ್ಟಳು. “ನಾನ ಹೇಳೇನಿ ಸೊಸಿಗೆ. ಸುಳ್ಳ ಹೊತ್ಕೊಂಡು ಸಾಯಾಕ ನನ್ನ ಕಡಿಂದ ಆಗಂಗಿಲ್ಲೋ ತಮ್ಮಾ.”

ಆಮೇಲೆ ಎಲ್ಲವೂ ಹೊರಬಂತು. ಶರಣಪ್ಪನ ಮೊದಲ ಹೆಂಡತಿ ಝಳಕಿಯವಳು. ತವರಿಗೆ ಹೆರಿಗೆಗೆಂದು ಹೋದವಳು ಹೆಣ್ಣು ಹೆತ್ತು ತೀರಿಕೊಂಡಳು. ಅವಳನ್ನು ಮಣ್ಣುಮಾಡಲು ಹೋಗಿದ್ದ ಶರಣಪ್ಪ ಕೂಸಿನ ಮುಖ ನೋಡದೆ ಎದ್ದು ಬಂದವನು, ಮತ್ತೆ ಆ ಊರಿನ ಕಡೆ ತಲೆ ಹಾಕಲಿಲ್ಲ. ನೀಲಮ್ಮನನ್ನು ಮದುವೆಯಾಗುವಾಗ, ತಾಯಿಯ ಹಿಂದೆಯೇ ಕೂಸೂ ಹೋಯಿತು ಎಂದುಬಿಟ್ಟಿದ್ದ. ಬದುಕಿರುವ ಮಗಳನ್ನು ಬಾಯಿಮಾತಿನಲ್ಲಿ ಸಾಯಿಸಿದ್ದ! ಮದುವೆಯಾದ ಮರುವರ್ಷವೇ ನಿಜ ತಿಳಿದ ನೀಲಮ್ಮ ಆ ಮಗುವನ್ನೂ ಅದನ್ನು ಸಾಕುತ್ತಿದ್ದ ಅಜ್ಜಿಯನ್ನೂ ನೋಡಿಕೊಳ್ಳುತ್ತಿದ್ದರು. ಅತ್ತೆ ಸೊಸೆ ಹಾವು ಮುಂಗುಸಿ ಎನ್ನುವವರು ಆ ಮನೆಗೆ ಬಂದು ನೋಡಬೇಕಿತ್ತು.

ಇದು ನಾನು ಕೇಳುವ ಮಾತಲ್ಲ ಎಂದು ಮೇಲೇಳಲು ನೋಡಿದೆ. ನೀಲಮ್ಮ ಬಿಡಲಿಲ್ಲ.

“ಕುಂದರ್ರಿ ಸಾಹೇಬ್ರ. ನಿಮ್ಮ ಮುಂದನ ಆಗ್ಲಿ. ಮನಿ ಕಟ್ಟಿದ ಮ್ಯಾಲ ಹುಡುಗೀನ ಕರ್ಕೊಂಡ ಬರೋಣ ಅಂದ್ರ ಜಾಗಾ ಇಲ್ಲ ಅಂತಾರ. ಅದಕ್ಕ ಕಟ್ಟೂಕಿಂತ ಮೊದ್ಲ ಹೇಳೇನಿ.”

ಏನು ಮಾಡಲಿ? ಪೆನ್ನು ತೆಗೆದೆ. ಶರಣಪ್ಪನ ಕಡೆ ತಿರುಗಿ, “ಹಂಗಾದ್ರ ನಾಕ ಮಂದಿ ಆತ್ರಿ. ಹುಡುಗಿ ಹೆಸರು?” ಎಂದೆ.

ಅವನು ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ, ನೆಲ ನೋಡಿದ. ಒಂದು ಗಳಿಗೆ ಬೇಕಾಯಿತು ನನಗೆ ಅರ್ಥವಾಗಲು. ಆ ಮನುಷ್ಯನಿಗೆ ಸ್ವಂತ ಮಗಳ ಹೆಸರು ಗೊತ್ತಿರಲಿಲ್ಲ. ಮನೆಮನೆ ಹೊಕ್ಕು ಬಂದವನು ನಾನು. ಕುಡುಕರನ್ನು ಕಂಡಿದ್ದೆ, ಹೆಂಡತಿಯ ತಾಳಿ ಅಡವಿಟ್ಟವರನ್ನು ಕಂಡಿದ್ದೆ. ಇಂಥದ್ದನ್ನು ಕಂಡಿರಲಿಲ್ಲ.

ಬಾಳವ್ವ ಏನೋ ಹೇಳಹೊರಟಳು. ನೀಲಮ್ಮ ಕೈ ಅಡ್ಡ ಹಿಡಿದರು. “ಅತ್ತೀ, ನೀವ ಹೇಳಬ್ಯಾಡ್ರಿ. ಝಳಕಿಗೆ ಹೋಗಿ ಕೇಳ್ಕೊಂಡು ಬರ್ಲಿ. ಅಲ್ಲೀತನಕ ನನ್ನ ಸಹಿ ಇಲ್ಲ.”

ಸೈಟು ಇಬ್ಬರ ಹೆಸರಿನಲ್ಲಿತ್ತು. ಅವರ ಸಹಿ ಇಲ್ಲದೆ ಅಡಮಾನವೂ ಇಲ್ಲ, ಸಾಲವೂ ಇಲ್ಲ. ಅರ್ಜಿಯನ್ನು ಚೀಲಕ್ಕೆ ತುರುಕಿ ಹೊರಬಿದ್ದೆ. ಆ ಸಂಜೆ ನನ್ನ ಹೆಂಡತಿಯನ್ನು, ನಮ್ಮ ಮನೆಗೆ ಜೋಳ ಎಷ್ಟು ಬರುತ್ತದೆ ಎಂದು ಕೇಳಿದೆ. “ಯಾಕ, ನನ್ನ ಮ್ಯಾಲೂ ತನಿಖಿ ಬಂತೇನು?” ಎಂದಳು.

ಈ ಕಡತ ಮುಗಿಯಿತೆಂದೇ ತಿಳಿದಿದ್ದೆ. ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಶರಣಪ್ಪ ಆಫೀಸಿಗೆ ಬಂದ. ಬಸ್ಸಿನ ಧೂಳು ತಲೆಯ ಮೇಲೇ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಬಾಳವ್ವ ಅಂತ್ರಿ. ಹತ್ತ ವರ್ಷ.”

“ಅದು ನಿಮ್ಮ ತಾಯಿ ಹೆಸರಲ್ಲೇನ್ರಿ?”

“ಹೌದ್ರಿ. ಆ ಅಜ್ಜಿ ಇಟ್ಟಾಳ. ಅಪ್ಪ ಬರದಿದ್ರ ಹೋಗ್ಲಿ, ಅಪ್ಪನ ಮನಿ ಹೆಸರಾದ್ರೂ ಇರ್ಲಿ ಅಂತ.” ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದ. “ಬಾಗಲದಾಗ ನಿಂತಿದ್ದೆ. ಆಕಿ ಹೊರಗ ಬಂದು, ‘ಯಾರ ಬೇಕಾಗಿತ್ರಿ’ ಅಂತ ಕೇಳಿದ್ಳ್ರಿ.”

ಮೊದಲ ಬಾಳವ್ವನ ಕೆಳಗೆ ಎರಡನೆಯ ಬಾಳವ್ವನ ಹೆಸರು ಬರೆದೆ. ಮರುದಿನ ನೀಲಮ್ಮ ಬಂದು ಸಹಿ ಹಾಕಿದರು. ನಾಲ್ಕು ಜನರ ಲೆಕ್ಕಕ್ಕೆ ಸಾಲ ಹತ್ತು ಸಾವಿರಕ್ಕೆ ಇಳಿಯಿತು. ಮೂರನೆಯ ಕೋಣೆ ಕೈಬಿಡಬೇಕಾಗಿತ್ತು.

ಅಷ್ಟರಲ್ಲಿ ಬಿಜಾಪುರದ ಹೆಡ್ಡಾಫೀಸಿನವರು ಕಡತ ವಾಪಸ್ ಕಳಿಸಿದರು. ಅವಲಂಬಿತರಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ, ಕೈತಪ್ಪು ಇರಬೇಕು, ಒಂದನ್ನು ಹೊಡೆದುಹಾಕಿದರೆ ಪೂರ್ತಿ ಹನ್ನೆರಡು ಸಾವಿರ ಮಂಜೂರು ಮಾಡುತ್ತೇವೆ ಎಂದು ಷರಾ. ತಪ್ಪು ಅವರದು, ಲಾಭ ಶರಣಪ್ಪನದು. ಅವನನ್ನು ಕರೆಸಿ ಓದಿ ಹೇಳಿದೆ.

“ಬ್ಯಾಡ್ರಿ ಸಾಹೇಬ್ರ,” ಎಂದ. “ಆಕೀನ ಒಮ್ಮೆ ನಾನ ಹೊಡದ ಹಾಕೇನಿ. ಇನ್ನೊಮ್ಮೆ ಆಗಂಗಿಲ್ಲ.”

ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು, ಇಬ್ಬರೂ ಈ ಮನೆಯವರು ಎಂದು ಬರೆದು ಕಡತ ತಿರುಗಿ ಕಳಿಸಿದೆ. ಎರಡು ಕೋಣೆಯ ಮನೆ ಎದ್ದು ನಿಂತಿತು. ಆಮೇಲೆ ನಿವೃತ್ತಿಯವರೆಗೂ ನಾನು ಜೋಳದ ಲೆಕ್ಕ ಬಿಡಲಿಲ್ಲ, ನಿಜ. ಆದರೆ ಉಣ್ಣುವವರು ಇಷ್ಟು ಮಂದಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಮನೆಯ ಯಜಮಾನನ ಬಾಯಿಂದಲೇ ಹೇಳಿಸಿ ಬರೆದುಕೊಳ್ಳುತ್ತಿದ್ದೆ.