ತೆಂಗಿನ ಹೊಟ್ಟು, ಹೆಂಡತಿಯ ಕೈಗುಣ

ತೆಂಗಿನಕಾಯನ್ನು ಭಕ್ತಿಯಿಂದ ದೇವರಿಗೆ ಒಪ್ಪಿಸುವ ನಾವು ಅದರ ಸಿಪ್ಪೆಯನ್ನು ಅಷ್ಟೇ ನಿಷ್ಠೆಯಿಂದ ಬಚ್ಚಲೊಲೆಗೆ ಒಪ್ಪಿಸುತ್ತೇವೆ. ತೊಂಬತ್ತರ ದಶಕದ ನಡುವಿನವರೆಗೂ ಶಿಕಾರಿಪುರದ ನಮ್ಮ ಮನೆಯಲ್ಲಿ ಇದು ಪ್ರಶ್ನಾತೀತ ಸಂಪ್ರದಾಯ. ಅದನ್ನು ಮುರಿದ ಕೀರ್ತಿ, ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುತ್ತಾ ಮನೆಯಲ್ಲಿ ಯಾರಿಗೂ ಏನನ್ನೂ ಬೋಧಿಸಲಾಗದೆ ಸೋತಿದ್ದ ನನ್ನದು.

ನನ್ನ ಹೆಂಡತಿ ಗಿರಿಜೆಯ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಅಲ್ಲಿಂದ ಅವಳು ತಂದದ್ದರಲ್ಲಿ ನಮ್ಮ ಓಣಿ ಬಹುವಾಗಿ ಗೌರವಿಸಿದ್ದು ಅವಳ ಕೈಗುಣವನ್ನು. ಬದನೆ, ಮೆಣಸಿನ ಬೀಜವನ್ನು ಸಸಿಮಡಿಗೆ ಉದುರಿಸುವ ದಿನ ನೆರೆಯ ಹೆಂಗಸರು ಅವಳನ್ನೇ ಕರೆದೊಯ್ಯುತ್ತಿದ್ದರು. ಹೀಗಿರುವಾಗ ಒಂದು ಮಳೆಗಾಲ ಅವಳು ಹಾಕಿದ ಸಸಿಗಳೆಲ್ಲ ಬುಡ ಕೊಳೆತು ಮಲಗಿದವು. ಮರುವರ್ಷವೂ ಅದೇ ಕಥೆ. ಅದರ ಮುಂದಿನ ವರ್ಷ ಪಕ್ಕದ ಮನೆಯ ನೀಲಮ್ಮ ಬೀಜ ಹಾಕಲು ಬೇರೆ ಯಾರನ್ನೋ ಕರೆದರು. ಯಾರೂ ಒಂದು ಮಾತು ಆಡಲಿಲ್ಲ, ಆಡಿದ್ದರೆ ವಾಸಿಯಿತ್ತು. "ನನ್ನ ಕೈಗುಣ ಹೋಯ್ತು ಕಣ್ರೀ" ಎಂದು ಗಿರಿಜೆ ಬೀಜದ ಗಂಟುಗಳನ್ನೆಲ್ಲ ಅಟ್ಟಕ್ಕೇರಿಸಿದಳು.

ಕೆಟ್ಟಿರುವುದು ಕೈಯಲ್ಲ, ಮಣ್ಣು ಎಂದು ನಾನು ಘಂಟಾಘೋಷವಾಗಿ ಸಾರಿದೆ. ಶಾಲೆಯ ಗ್ರಂಥಾಲಯದ ಇಂಗ್ಲಿಷ್ ಪುಸ್ತಕವೊಂದು ಬೀಜಕ್ಕೆ ಪೀಟ್ ಉತ್ತಮವೆಂದಿತ್ತು. ಪೀಟ್ ಎಂದರೆ ಶೀತದೇಶಗಳ ಜೌಗಿನಲ್ಲಿ ಶತಮಾನಗಟ್ಟಲೆ ಕಳಿತು ಕಪ್ಪಾದ ಪಾಚಿ. ಶಿವಮೊಗ್ಗದ ಅಂಗಡಿಯಾತ ಅದಿನ್ನೂ ಬಂದಿಲ್ಲವೆಂದು ಹೇಳಿ, ಯೂರಿಯಾ ಆದೀತೇ ಎಂದು ವಿಚಾರಿಸಿದ. ನೀರನ್ನು ಹಿಡಿದಿಟ್ಟೂ ಬೇರಿಗೆ ಉಸಿರಾಡಗೊಡುವ ಆ ಪಾಚಿಯ ವಿದ್ಯೆ ನಮ್ಮ ತೆಂಗಿಗೆ ಬಾರದೇ ಎಂಬ ಆತ್ಮವಿಶ್ವಾಸದಿಂದ ನಾನು ಬಚ್ಚಲಿಗೆ ನುಗ್ಗಿ, ಒಲೆಯ ಪಾಲಿನ ಸಿಪ್ಪೆಯನ್ನೆಲ್ಲ ವಶಪಡಿಸಿಕೊಂಡು, ನೆನೆಸಿ, ಕುಟ್ಟಿ, ನಾರು ತೆಗೆದು, ಉಳಿದ ಹೊಟ್ಟನ್ನು ಕೆಂಪು ನೀರು ತಿಳಿಯಾಗುವವರೆಗೂ ತೊಳೆದೆ. ಅಷ್ಟು ದಿನವೂ ಮನೆಮಂದಿಗೆಲ್ಲ ತಣ್ಣೀರು, ಹೊಟ್ಟಿಗೆ ಮಾತ್ರ ಅಭ್ಯಂಜನ ಎಂದು ಗಿರಿಜೆ ಹಂಗಿಸಿದಳು.

ಎಣ್ಣೆ ಡಬ್ಬವೊಂದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳಿಗೂ ಹೊಟ್ಟು, ಹಳೆ ಗೊಬ್ಬರ ತುಂಬಿದೆ. ಬಹಳ ಗೋಗರೆದ ಮೇಲೆ ಅವಳು ಮುಖ ತಿರುಗಿಸಿಕೊಂಡೇ ಒಂದರಲ್ಲಿ ಬದನೆ ಬೀಜ ಉದುರಿಸಿದಳು. ಇನ್ನೊಂದಕ್ಕೆ ನಾನೇ ಹಾಕಿದೆ. ಜನ್ಮದಲ್ಲಿ ಒಂದು ಗರಿಕೆಯನ್ನೂ ಬೆಳೆಸದ ಈ ಕೈಯಿಂದಲೂ ಸಸಿ ಎದ್ದರೆ ಕೈಗುಣವೆಂಬುದು ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸಿದ್ಧವಾಗುತ್ತದಲ್ಲ! ಎರಡೂ ಭರ್ಜರಿಯಾಗಿ ಎದ್ದವು. ಪಾಪಿ ಸಸಿಗಳು, ನನ್ನವೇ ಒಂದು ಕೂದಲೆಳೆ ಎತ್ತರ.

ಓಣಿಯ ಮುಂದೆ ಮಾಡಬೇಕಾದ ಭಾಷಣವೂ ಸಿದ್ಧವಾಯಿತು. ಪ್ರದರ್ಶನಕ್ಕೆಂದು ಹೊರಮೈ ಒರೆಸಲು ಬಚ್ಚಲಿಗೆ ಒಯ್ದಿದ್ದ ನನ್ನ ಡಬ್ಬವನ್ನು ಎತ್ತಿಕೊಂಡು ಹೊರಡುವಷ್ಟರಲ್ಲಿ ಹಿತ್ತಲಲ್ಲಿ ನೀಲಮ್ಮನ ದನಿ ಕೇಳಿಸಿತು. ನೀರು ಚಿಮುಕಿಸುತ್ತಿದ್ದ ಗಿರಿಜೆಯ ಕೈ ನಿಂತಿತ್ತು. ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳ ಮುಖ ನನಗೆ ಹೊಸದಲ್ಲ. ಓದುಗರೇ, ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಂದು ವರ್ಷವೂ ಕಾದೀತು. ಆ ಮುಖ ಕಾಯುವಂತಿರಲಿಲ್ಲ. ಡಬ್ಬವನ್ನು ಬಾಗಿಲ ಹಿಂದೆ ಇಟ್ಟು, ಬರಿಗೈಯಲ್ಲಿ ಹೊರಬಂದೆ.

"ಮೇಷ್ಟ್ರೇ, ಯಾರು ಹಾಕಿದ್ದು ರೀ ಈ ಸಸಿ?" ಎಂದರು ನೀಲಮ್ಮ.

"ಇವಳೇ ರೀ. ಇನ್ಯಾರಿಗೆ ಬರುತ್ತೆ?" ಎಂದೆ.

ನೀಲಮ್ಮ ಬಗ್ಗಿ ಒಂದು ಸಸಿಯ ಬುಡವನ್ನು ಮುಟ್ಟಿ ನೋಡಿದರು. ಆಮೇಲೆ ತಮ್ಮ ಮೆಣಸಿನ ಬೀಜವನ್ನೂ ಈ ಸಲ ಗಿರಿಜಕ್ಕನೇ ಹಾಕಿಕೊಡಬೇಕು, ನಾಳೆಯೇ ಬರಬೇಕು ಎಂದರು. ಗಿರಿಜೆ ಸೆರಗಿಗೆ ಕೈ ಒರೆಸಿಕೊಂಡಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಅದೇ ಕಣ್ಣಿನಿಂದ ಒಮ್ಮೆ ಬಚ್ಚಲ ಬಾಗಿಲತ್ತ, ಒಮ್ಮೆ ನನ್ನತ್ತ ನೋಡಿ, ಏನೂ ಅರಿಯದವಳಂತೆ ಅಂದಳು:

"ರೀ, ಬಾಗಿಲ ಹಿಂದೆ ನಂದು ಇನ್ನೊಂದು ಡಬ್ಬ ಇದೆಯಲ್ಲ, ಅದನ್ನೂ ತಗಂಬನ್ನಿ. ನೀಲಮ್ಮ ನೋಡ್ಲಿ."

ಹೋಗಿ ತಂದುಕೊಟ್ಟೆ.