ಮಾದೇವಿ ಹಿಡಿದದ್ದು ಕಾಲು

ಆ ಹುಡುಗಿಯ ಕುತ್ತಿಗೆಗೆ ಕೈ ಹಾಕಿದವಳು ನಾನು. ಮಾದೇವಿಯಲ್ಲ. ಹನ್ನೊಂದು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ, ಮಾದೇವಿಗೂ ಹೇಳಿಲ್ಲ — ಇಲ್ಲ, ಇಷ್ಟಕ್ಕೇ ನಿಲ್ಲಿಸಿದರೆ ತಪ್ಪನ್ನು ಅರ್ಧಕ್ಕೆ ಇಳಿಸಿಕೊಂಡಂತೆ. ಹೇಳದೆ ಸುಮ್ಮನಿದ್ದದ್ದು ಒಂದು. ಹಿಡಿದವಳು ನೀನೇ ಎಂದು ಅವಳನ್ನೇ ನಂಬಿಸಿದ್ದು ಇನ್ನೊಂದು. ಈ ಎರಡನೆಯದನ್ನು ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ನನ್ನ ಹೆಸರು ಸುಧಾ. ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕ್ರೀಡಾ ಕೋಟಾದಲ್ಲಿ ಸಿಕ್ಕ ಕೆಲಸ. ಹಾಗೆಂದಾಗ ಹೊಸದಾಗಿ ಬಂದವರು ನನ್ನ ಮೈಕಟ್ಟು ನೋಡಿ ಮುಸಿಮುಸಿ ನಗುತ್ತಾರೆ; ನಗಲಿ. ಕರ್ನಾಟಕದ ಮಹಿಳಾ ರಗ್ಬಿ ತಂಡದ ನಾಯಕಿಯಾಗಿದ್ದವಳು ನಾನು. ರಗ್ಬಿ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. 'ತೆಂಗಿನಕಾಯಿ ಹಿಡ್ಕಂಡು ಓಡೋ ಆಟ' ಅನ್ನುತ್ತಿದ್ದರು. ಚೆಂಡು ಇರುವುದೂ ಹಾಗೆಯೇ, ತಪ್ಪೇನಿಲ್ಲ.

ರಾಜ್ಯಕ್ಕೊಂದು ತಂಡ ಕಟ್ಟಬೇಕಾದಾಗ ಮಂಡ್ಯದ ನಮ್ಮ ಕಬಡ್ಡಿ ತರಬೇತುದಾರರು — ನಾವು 'ಸಾರ್' ಅನ್ನುತ್ತಿದ್ದದ್ದು — ಕಬಡ್ಡಿ ಆಡುವ ಹುಡುಗಿಯರನ್ನೇ ಒಟ್ಟು ಹಾಕಿ ಕೈಗೆ ಆ ಚೆಂಡು ಕೊಟ್ಟರು. ಮಳವಳ್ಳಿ ಕಡೆಯಿಂದ ಹೋದವರು ಇಬ್ಬರೇ. ನಾನು ಬ್ಲಫ್ ಎಂಬ ಊರಿನವಳು. ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿದ್ದರು, ಕ್ವಾರ್ಟರ್ಸ್‌ನಲ್ಲಿ ಬೆಳೆದೆ, ಇಂಗ್ಲಿಷು ಹಿಂದಿ ಎರಡೂ ಬರುತ್ತಿತ್ತು. ಇನ್ನೊಬ್ಬಳು ಬಂಡೂರಿನ ಮಾದೇವಿ. ಕುರಿ ಸಾಕುವವರ ಮನೆಯ ಹುಡುಗಿ. ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ, ಬರಬೇಕು ಅಂತಲೂ ಅನ್ನಿಸಿರಲಿಲ್ಲ ಅವಳಿಗೆ. ಚೆಂಡನ್ನು ಕಂಕುಳಲ್ಲಿ ಈಗ ತಾನೇ ಹುಟ್ಟಿದ ಮರಿಯ ಹಾಗೆ ಅವುಚಿಕೊಂಡು ಓಡುತ್ತಿದ್ದಳು. ಎದುರಾಳಿ ಓಡಿದರೆ ನೆಲಕ್ಕೆ ಬಿದ್ದು ಕಾಲು ಹಿಡಿಯುತ್ತಿದ್ದಳು. ಯಾವಾಗಲೂ ಕಾಲೇ.

ಅವಳ ಮನೆಯಲ್ಲಿ ಕುರಿ ಹಿಡಿಯುವುದಕ್ಕೆ ಒಂದು ಕ್ರಮವಿತ್ತು. ಜಂತುಹುಳುವಿನ ಔಷಧಿ ಕುಡಿಸುವ ದಿನ ದೊಡ್ಡಿಯೊಳಗೆ ನುಗ್ಗಿ ಕುರಿಯ ಹಿಂಗಾಲು ಹಿಡಿಯಬೇಕು. ಹಿಡಿದ ಕೂಡಲೇ ಇನ್ನೊಂದು ಕೈ ಮೇಲೆತ್ತಬೇಕು — ಬಾಟಲಿ ಹಿಡಿದವರು ಆ ಕೈ ನೋಡಿಕೊಂಡು ಬರುತ್ತಾರೆ. ಕುತ್ತಿಗೆಗೆ ಮಾತ್ರ ಯಾರೂ ಕೈ ಹಾಕುವ ಹಾಗಿಲ್ಲ. ಒಮ್ಮೆ ನಾನು ಹಾಕಲು ಹೋದಾಗ ಅವಳಪ್ಪ ಗದರಿದ್ದರು: "ಕುತ್ಗೆ ಇಡೀಬ್ಯಾಡ ಕಣವ್ವ, ಜೀವ ಎದ್ರುತದೆ." ಮಾದೇವಿಗೆ ಆ ಅಭ್ಯಾಸ ಮೈಗೇ ಅಂಟಿತ್ತು. ಕಬಡ್ಡಿಯಲ್ಲೂ ರಗ್ಬಿಯಲ್ಲೂ ಯಾರನ್ನಾದರೂ ಕೆಡವಿದರೆ ಒಂದು ಕೈ ತಾನಾಗಿ ಮೇಲೇಳುತ್ತಿತ್ತು. ನಾವು ಆಡಿಕೊಂಡು ನಗುತ್ತಿದ್ದೆವು. 'ಲೇ, ಬಾಟ್ಲಿ ತರ್ಲಾ?' ಎಂದು ಕೇಳುತ್ತಿದ್ದವಳು ನಾನೇ.

ಆ ವರ್ಷ ದಕ್ಷಿಣದ ರಾಜ್ಯಗಳ ಪಂದ್ಯಾವಳಿಯ ಫೈನಲ್ಲಿಗೆ ನಾವೂ ತಮಿಳುನಾಡೂ ಬಂದೆವು. ಬೇರೆ ಜಿಲ್ಲೆಯವರಿಗೆ ಅದೊಂದು ಪಂದ್ಯ. ಮಂಡ್ಯದವರಿಗೆ ಹಾಗಲ್ಲ. ಹೆದ್ದಾರಿ ಬಂದ್ ಆಗಿ ಮದ್ದೂರಿನಲ್ಲಿ ಬಸ್ಸಿನೊಳಗೇ ಕುಳಿತು ಬೆಳೆದವರು ನಾವು. ನೀರು ಅಂದರೆ ಏನು ಜಗಳ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆಯಿಂದ ಫೋನು. ಪರಿಚಯವೇ ಇಲ್ಲದವರು ಕರೆ ಮಾಡಿ, ಸೋತು ಬಂದರೆ ಊರಿಗೆ ಕಾಲಿಡಬೇಡಿ ಅನ್ನುತ್ತಿದ್ದರು. ನಾನು ಅದನ್ನೆಲ್ಲ ಸ್ಪೀಕರಿಗೆ ಹಾಕಿ ತಂಡಕ್ಕೆ ಕೇಳಿಸಿದೆ. ಹುರುಪು ಬರಲಿ ಅಂತ. ಮಾದೇವಿ ಒಬ್ಬಳು ಮೂತಿ ತಿರುವಿದಳು: "ನೀರ್ ಕುಡ್ದಿರೋರು ಆ ಉಡ್ಗೀರಲ್ಲ ಬುಡಮ್ಮಿ. ಅವ್ರೂ ನಮ್ಮಂಗೆ ಆಡಾಕ್ ಬಂದವ್ರೆ."

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ನಾವು ಮುಂದಿದ್ದೆವು, ಆದರೆ ಅವರ ಹುಡುಗಿಯೊಬ್ಬಳು ಚೆಂಡು ಹಿಡಿದು ನಮ್ಮನ್ನೆಲ್ಲ ದಾಟಿಕೊಂಡು ನಮ್ಮ ಕೊನೆಯ ಗೆರೆಯ ಕಡೆ ಓಡಿದಳು. ಅವಳು ಗೆರೆ ಮುಟ್ಟಿದ್ದರೆ ಕಪ್ ಅವರದು. ಹಿಂದೆ ನಾನು, ಪಕ್ಕದಿಂದ ಮಾದೇವಿ. ಮಾದೇವಿ ನೆಲಕ್ಕೆ ಬಿದ್ದು ಕಾಲು ಹಿಡಿದಳು. ಅದೇ ಕ್ಷಣ ನಾನು ಹಿಂದಿನಿಂದ ಬಲತೋಳು ಹಾಕಿದೆ — ಕುತ್ತಿಗೆಗೆ. ಭುಜದಿಂದ ಮೇಲೆ ಹಿಡಿದರೆ ದೊಡ್ಡ ತಪ್ಪು, ಆಟದ ಮೊದಲ ಪಾಠವೇ ಅದು. ಕೈ ಜಾರಿತು ಎಂದು ಬರೆಯಬಹುದು. ಜಾರಲಿಲ್ಲ. ಸೊಂಟ ಎಟುಕುವುದಿಲ್ಲ ಅಂತ ಗೊತ್ತಾಯಿತು, ಎಟುಕಿದ್ದನ್ನು ಹಿಡಿದು ಎಳೆದೆ.

ಮೂವರೂ ಒಟ್ಟಿಗೆ ಬಿದ್ದೆವು. ರೆಫರಿ ಮೈದಾನದ ಇನ್ನೊಂದು ಕಡೆ ಇದ್ದರು, ಬಿದ್ದ ಗುಂಪನ್ನು ಮಾತ್ರ ಕಂಡರು. ಸೀಟಿ ಊದಿದರು. ಆ ಹುಡುಗಿ ಗಂಟಲು ಹಿಡಿದುಕೊಂಡು ಹೊರಳುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ. ನಾನು ಆಗಲೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಮಾದೇವಿ ಮಂಡಿಯ ಮೇಲೆ ಇನ್ನೂ ಅವಳ ಕಾಲು ಹಿಡಿದುಕೊಂಡೇ ಇದ್ದಳು, ಮತ್ತು — ಇನ್ನೊಂದು ಕೈ ಎತ್ತಿದ್ದಳು. ಸೀಟಿ ಊದಿದ್ದು, ಕಬಡ್ಡಿಯಲ್ಲಿ ಊದುವ ಹಾಗೆ, ತಾನು ಹಿಡಿದದ್ದಕ್ಕೇ ಅಂದುಕೊಂಡಿದ್ದಳು.

ರೆಫರಿ ಉತ್ತರದ ಕಡೆಯವರು. ಆ ಎತ್ತಿದ ಕೈ ನೋಡಿ ತಪ್ಪೊಪ್ಪಿಗೆ ಎಂದುಕೊಂಡರು. ಆದರೂ ಒಳ್ಳೆಯ ಮನುಷ್ಯ, ಕೇಳದೆ ಶಿಕ್ಷೆ ಕೊಡಲಿಲ್ಲ. ನನ್ನನ್ನು ಕರೆದು ಹಿಂದಿಯಲ್ಲಿ, ಈಕೆಯ ಕುತ್ತಿಗೆ ಹಿಡಿದದ್ದು ನೀನೇನಾ ಎಂದು ಕೈ ಎತ್ತಿದವಳನ್ನು ಕೇಳು ಎಂದರು. ನಾಯಕಿ ನಾನು, ಭಾಷೆ ಬರುವವಳು ನಾನು. ನಾನು ಕನ್ನಡದಲ್ಲಿ ಕೇಳಿದ್ದು ಇಷ್ಟು:

"ಹಿಡಿದಿದ್ದು ನೀನೇನಾ ಅಂತ ಕೇಳ್ತಿದ್ದಾರೆ."

ಕುತ್ತಿಗೆ ಅನ್ನುವ ಮಾತನ್ನು ಬಿಟ್ಟೆ. ಬೇಕೆಂದೇ ಬಿಟ್ಟೆ. ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಮಾದೇವಿಯ ಮುಖ ಅರಳಿತು. "ಊ ಅನ್ನಮ್ಮಿ. ನಾನೇಯ ಇಡ್ದಿದ್ದು!"

ನಾನು ರೆಫರಿಯ ಕಡೆ ತಿರುಗಿ, ಹೌದಂತೆ ಅಂದೆ.

ಅವರು ಕೆಂಪು ಕಾರ್ಡು ತೆಗೆದರು. ಅದರ ಬಣ್ಣ ನೋಡಿದಾಗಲೂ ಅವಳಿಗೆ ಅರ್ಥವಾಗಿರಲಿಲ್ಲ, ನನ್ನನ್ನು ನೋಡಿದಳು. ನಾನು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ಲೇಸು ಬಿಚ್ಚಿರಲಿಲ್ಲ.

ನಾವು ಗೆದ್ದೆವು. ಒಬ್ಬಳು ಕಡಿಮೆಯಾದರೂ ಗೆದ್ದೆವು, ಅದಕ್ಕೇ ಇನ್ನಷ್ಟು ಹೊಗಳಿದರು. ಸಾರ್ ನನ್ನನ್ನು ಪಕ್ಕಕ್ಕೆ ಕರೆದು, ಮಾದೇವಿ ಎಂದೂ ಸೊಂಟದಿಂದ ಮೇಲಕ್ಕೆ ಕೈ ಹಾಕಿದವಳಲ್ಲವಲ್ಲ, ಏನಾಯಿತು ಎಂದು ಕೇಳಿದರು. ಅವಳೇ ಒಪ್ಪಿಕೊಂಡಳಲ್ಲ ಸಾರ್ ಅಂದೆ. ಅವರು ಕಪ್ಪಿನ ಜೊತೆ ಫೋಟೋ ತೆಗೆಸಿಕೊಳ್ಳಲು ಹೋದರು. ಕುತ್ತಿಗೆ ಹಿಡಿದ ತಪ್ಪಿಗೆ ಮಾದೇವಿ ಎರಡು ವರ್ಷ ಆಡುವಂತಿಲ್ಲ ಎಂದು ತೀರ್ಮಾನವಾಯಿತು. ಆ ಎರಡು ವರ್ಷದೊಳಗೇ ಉದ್ಯೋಗಕ್ಕೆ ಅರ್ಜಿ ಕರೆದರು. ನನಗೆ ಸಿಕ್ಕಿತು. ಕಳಂಕವಿಲ್ಲದ ದಾಖಲೆ ಎಂದು ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ, ಹರಿಯುವುದಕ್ಕೂ ಧೈರ್ಯವಿಲ್ಲ.

ಇಷ್ಟೇ ಆಗಿದ್ದರೆ — ಹೆದರಿದವಳು ಸುಳ್ಳು ಹೇಳಿದಳು ಎಂದು ನೀವು ಬಿಟ್ಟುಬಿಡಬಹುದಿತ್ತೇನೋ. ಹಿಂದಿರುಗುವಾಗ ರೈಲಿನಲ್ಲಿ ಅವಳು ನನ್ನ ಎದುರು ಕುಳಿತಿದ್ದಳು. ಬೆಂಗಳೂರು ದಾಟುವವರೆಗೂ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಚನ್ನಪಟ್ಟಣ ಕಳೆದ ಮೇಲೆ ಮೆಲ್ಲಗೆ ಕೇಳಿದಳು: "ಸುದಾ, ನಾ ಇಡ್ದಿದ್ದು ಕಾಲು ಅಂತಲೇ ನೆಪ್ಪು ಕಣಮ್ಮಿ. ನೀನ್ ಪಕ್ದಲ್ಲೇ ಇದ್ದಲ್ಲ. ನೋಡ್ದ್ಯಾ?"

ಇನ್ನೂ ಸಮಯವಿತ್ತು. ಮುಂದೆ ಕುಳಿತಿದ್ದಳು, ನಂಬಿಕೆಯಿಂದ ಕೇಳಿದ್ದಳು, ರೆಫರಿ ಇರಲಿಲ್ಲ, ಕಾರ್ಡು ಇರಲಿಲ್ಲ. ಹೇಳಿದ್ದರೆ —

"ಕಾಲೇ ಹಿಡ್ಕೊಂಡಿದ್ದೆ. ಬೀಳೋ ರಭಸಕ್ಕೆ ಒಂದು ಕೈ ಮೇಲೆ ಹೋಯ್ತು. ನಿಂಗೆ ಗೊತ್ತಾಗಿಲ್ಲ," ಅಂದೆ.

ಅವಳು ಕೈಗಳನ್ನು ಅಂಗಿಯ ಅಂಚಿನಲ್ಲಿ ಸುತ್ತಿಕೊಂಡಳು. ಮಂಡ್ಯದಲ್ಲಿ ಹಾರ, ತಮಟೆ, ತೆರೆದ ಜೀಪು ಎಲ್ಲ ಕಾಯುತ್ತಿವೆ ಎಂದು ಸಾರ್‌ಗೆ ಫೋನು ಬಂದಿತ್ತು. ಮಾದೇವಿ ಮಂಡ್ಯಕ್ಕೆ ಬರಲಿಲ್ಲ. ಮದ್ದೂರಿನಲ್ಲಿ ಚೀಲ ತೆಗೆದುಕೊಂಡು ಇಳಿದುಬಿಟ್ಟಳು, ಮಳವಳ್ಳಿ ಬಸ್ಸು ಹಿಡಿಯುತ್ತೇನೆ ಎಂದು. ಕಿಟಕಿಯಿಂದ ನೋಡಿದೆ. ಪ್ಲಾಟ್‌ಫಾರಂನಲ್ಲಿ ಅವಳೊಬ್ಬಳೇ ನಡೆಯುತ್ತಿದ್ದಳು, ಬೆನ್ನ ಮೇಲೆ ಕರ್ನಾಟಕ ಎಂದು ದೊಡ್ಡದಾಗಿ ಬರೆದ ಅಂಗಿ. ಅರ್ಧ ಗಂಟೆಯಲ್ಲಿ ನನ್ನ ಕೊರಳಿಗೆ ಹಾರ ಬಿತ್ತು.

ಒಂದು ವಾರದ ಮೇಲೆ ಅವಳಪ್ಪ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಿಜ ಯೋಳವ್ವ, ನನ್ ಮಗ್ಳು ಕುತ್ಗೆಗ್ ಕೈ ಆಕುದ್ಲಾ?" ಎಂದು ಕೇಳಿದರು. ಆಟದಲ್ಲಿ ಆಗಿಬಿಡುತ್ತದೆ ಅಂದೆ. ಟವಲ್ಲಿನಿಂದ ಮುಖ ಒರೆಸಿಕೊಂಡು ಹೋದರು. ಹೋದ ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ.

ಮಳವಳ್ಳಿಯಲ್ಲಿ ನನ್ನದು ಮಹಡಿಯ ಮೇಲಿನ ಒಂದು ಕೋಣೆ. ಅಪ್ಪ ಅಮ್ಮ ಮೈಸೂರಿನಲ್ಲಿ ಅಣ್ಣನ ಜೊತೆ ಚೆನ್ನಾಗಿದ್ದಾರೆ. ಬಾ ಎಂದು ಕರೆಯುತ್ತಾರೆ, ಹೋಗುವುದಿಲ್ಲ. ಗಂಡು ನೋಡಿದರು, ಬೇಡ ಅಂದೆ. ಕಚೇರಿಯಲ್ಲಿ ನನಗೆ ಜಂಬ ಅಂತ ಮಾತು. ಜಂಬವಲ್ಲ. ಯಾರಾದರೂ ಹತ್ತಿರ ಬಂದು ಪ್ರೀತಿಯಿಂದ ಕುಳಿತರೆ ಹೇಳಿಬಿಡುತ್ತೇನೇನೋ, ಹೇಳಿದ ಮೇಲೆ ಅವರು ಎದ್ದು ಹೋಗುತ್ತಾರೇನೋ ಎಂಬ ಹೆದರಿಕೆ. ಆದ್ದರಿಂದ ಎಲ್ಲರನ್ನೂ ಮೊದಲೇ ದೂರ ಇಟ್ಟೆ. ಭಾನುವಾರ ಬೆಳಿಗ್ಗೆ ಒಬ್ಬಳೇ ಒಂದು ಲೋಟ ಕಾಫಿ ಮಾಡಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಕೆಳಗೆ ಬಂಡೂರಿನ ಕಡೆ ಹೋಗುವ ಬಸ್ಸು ಹಾದುಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹತ್ತಲಿಲ್ಲ.

ಹತ್ತಿಸಿದ್ದು ಸರ್ಕಾರ. ಕಳೆದ ವಾರ ಮನೆಮನೆ ಸಮೀಕ್ಷೆಗೆ ನನಗೆ ಬಂಡೂರು ಹಾಕಿದರು. ಬದಲಾಯಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಅವಳ ಮನೆಯ ಮುಂದೆ ನಿಂತಾಗ ದೊಡ್ಡಿಯಲ್ಲಿ ಔಷಧಿಯ ಕೆಲಸ ನಡೆದಿತ್ತು. ಅವಳ ತಮ್ಮ ಒಂದು ಕುರಿಯ ಹಿಂಗಾಲು ಹಿಡಿದು ಕೈ ಎತ್ತಿದ. ಬಾಟಲಿ ಹಿಡಿದು ಅವನ ಕಡೆ ಹೋದವಳು ಮಾದೇವಿ.

"ಸುದಾ! ಬಾರಮ್ಮಿ, ದಾರಿ ತಪ್ಪಿ ಬಂದ್ಯಾ?" ಅಂದಳು. ನಿಜವಾಗಿಯೂ ಸಂತೋಷಪಟ್ಟಳು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಏನಾದರೂ ಕೇಳಬೇಕಲ್ಲ ಅಂತ, ನೀನು ಹಿಡಿಯುವುದಿಲ್ಲವಾ ಎಂದು ಕೇಳಿದೆ.

"ನಾನ್ ಇಡಿಯಾಕಿಲ್ಲ ಕಣಮ್ಮಿ. ಅವತ್ನಿಂದ ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ. ಅಪ್ಪನೂ ಬ್ಯಾಡ ಅಂದ್ಬುಟ್ಟಿತ್ತು." ಆಮೇಲೆ ದನಿ ತಗ್ಗಿಸಿ, "ಆ ಉಡ್ಗಿ... ಎಂಗವ್ಳೆ ಅಂತ ನಿಂಗೇನಾರ ಗೊತ್ತಾ?"

ಗೊತ್ತಿತ್ತು. ಮರುವರ್ಷವೇ ಆ ಹುಡುಗಿ ನನ್ನ ಎದುರೇ ಆಡಿದ್ದಳು, ಮುಗಿದ ಮೇಲೆ ನಗುತ್ತಾ ಕೈಕುಲುಕಿದ್ದಳು. ಚೆನ್ನಾಗಿದ್ದಾಳೆ, ಆಮೇಲೂ ಆಡಿದಳು ಅಂದೆ. ಮಾದೇವಿ ಬಾಟಲಿಯನ್ನು ಕೆಳಗಿಟ್ಟು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಇಷ್ಟ್ ವರ್ಸ ಎದೆ ಮ್ಯಾಲೆ ಕಲ್ಲಿತ್ತು. ನೀನ್ ಬಂದು ಇಳಿಸ್ಬುಟ್ಟೆ. ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ."

ಅವಳು ಕಣ್ಣಿಗೊತ್ತಿಕೊಂಡದ್ದು ಆ ಕೈಯನ್ನೇ. ಆಗಲೂ — ಆಗಲೂ ನಾನು ಹೇಳಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿ, ಬರೆದುಕೊಂಡು, ಸಹಿ ಹಾಕಿಸಿಕೊಂಡು ಬಂದೆ.

ಉಳಿದ ಕುರಿಗಳಿಗೆ ಬರುವ ಭಾನುವಾರ ಔಷಧಿ ಎಂದು ಅವಳ ತಮ್ಮ ಹೇಳಿದ್ದ. ಅಂದು ಹೋಗುತ್ತೇನೆ. ಇದರ ಒಂದು ಪ್ರತಿಯನ್ನು ಸಾರ್‌ಗೆ, ಇನ್ನೊಂದನ್ನು ರಾಜ್ಯದ ರಗ್ಬಿ ಸಂಸ್ಥೆಗೆ ಅಂಚೆಗೆ ಹಾಕಿ ಆಗಿದೆ; ಕೆಲಸ ಉಳಿಯುತ್ತದೋ ಹೋಗುತ್ತದೋ, ಅದು ಅವರಿಗೆ ಬಿಟ್ಟದ್ದು. ಅವಳಪ್ಪನಿಗೆ ಹೇಳುವ ದಾರಿ ಮಾತ್ರ ಇನ್ನಿಲ್ಲ. ಮಾದೇವಿಯ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ.

ದೊಡ್ಡಿಯ ಬಾಗಿಲಲ್ಲಿ ನಿಂತು, ಅವಳ ಮನೆಯವರೆಲ್ಲ ಕಾಣುವ ಹಾಗೆ ಮೊದಲು ಕೈ ಎತ್ತುತ್ತೇನೆ. ಆಮೇಲೆ ಅಂದು ನುಂಗಿದ ಮಾತನ್ನು ಹೊರಗೆ ಹಾಕುತ್ತೇನೆ — ಕುತ್ತಿಗೆ ಹಿಡಿದದ್ದು ನಾನು, ಮಾದೇವಿ. ನೀನು ಹಿಡಿದದ್ದು ಕಾಲು.